ಹನೋಕರ ಪಟ್ಟಿಯ ಕೊನೆಯವನು

ನಮ್ಮ ಕಚೇರಿಯ ಲೆಕ್ಕದಲ್ಲಿ ಮನುಷ್ಯ ಎನ್ನಿಸಿಕೊಳ್ಳಬೇಕಾದರೆ ಒಂದು ಆಧಾರ ಚೀಟಿ ಬೇಕಿತ್ತು. ಅಂಗೈಯಗಲದ ಹಳದಿ ರಟ್ಟು. ಯಾವ ಪುಸ್ತಕ, ಯಾವ ಪುಟ, ಯಾರು ಕಣ್ಣಾರೆ ನೋಡಿ ಬರೆದದ್ದು, ಎಲ್ಲ ಅದರ ಮೇಲೆ. ನಾವು ಮಾಡುತ್ತಿದ್ದದ್ದು ಹೆಸರುಗಳ ಕೋಶ: ಒಂದು ಹೆಸರು, ಅದರ ಕೆಳಗೆ ಆ ಹೆಸರು ಹೊತ್ತ ಜನ, ಊರು, ಬೆಟ್ಟ, ಹಡಗು. ಚೀಟಿ ಇಲ್ಲದವನನ್ನು ಸಂಪಾದಕರು ಒಂದೇ ಗೀಟಿಗೆ ಮುಗಿಸುತ್ತಿದ್ದರು. ಬೆನ್ನ ಹಿಂದೆ ನಾವು ಅವರನ್ನು ಕತ್ತರಿ ಎನ್ನುತ್ತಿದ್ದೆವು. ಅವರಿಗದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಇಷ್ಟೆಲ್ಲ ಮಡಿ ಮಾಡುವ ನಾವೇ ಪ್ರತಿ ಸಂಪುಟದಲ್ಲೂ ಬೇಕೆಂದೇ ಒಂದು ಸುಳ್ಳು ಹಾಕುತ್ತಿದ್ದೆವು. ಹುಟ್ಟದೇ ಇದ್ದವನೊಬ್ಬನ ಹೆಸರು, ನಾಲ್ಕು ಸಾಲು. ಅದಕ್ಕೆ ಬಲೆ ಅಂತ ಹೆಸರು. ಬೇರೆ ಯಾರಾದರೂ ನಮ್ಮ ಕೋಶ ಕದ್ದು ಅಚ್ಚು ಹಾಕಿಸಿದರೆ ಆ ಸುಳ್ಳೂ ಅವರ ಜೊತೆ ಹೋಗುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. ಯಾವುದು ಬಲೆ ಎಂಬುದು ಕತ್ತರಿಗೆ ಮಾತ್ರ ಗೊತ್ತು. ಅದನ್ನವರು ಒಂದು ಲಕೋಟೆಯಲ್ಲಿಟ್ಟು ಅರಗು ಹಾಕಿ ವಕೀಲರ ಕೈಗೆ ಕೊಡುತ್ತಿದ್ದರು.

ಹ ಅಕ್ಷರದ ಮೇಜು ನನ್ನದು. ಕಿಟಕಿ ಪಕ್ಕದ್ದು, ಒಂದು ಕಾಲು ಗಿಡ್ಡ. ಹನೋಕ ಎಂಬ ಹೆಸರು ಹಾಗೆ ನನ್ನ ಪಾಲಿಗೇ ಬಂತು. ಮೊದಲನೆಯವನು ಬೈಬಲಿನ ಕಾಯಿನನ ಮಗ. ಅವನಪ್ಪ ಊರು ಕಟ್ಟಿ ಅದಕ್ಕೂ ಮಗನ ಹೆಸರನ್ನೇ ಇಟ್ಟ, ಹಾಗಾಗಿ ಮನುಷ್ಯನೂ ಊರೂ ಕೈಕೈ ಹಿಡಿದುಕೊಂಡೇ ಪಟ್ಟಿಗೆ ಬಂದವು. ಆಮೇಲೆ ಮೆತೂಷೆಲಹನ ಅಪ್ಪ. ದೇವರ ಜೊತೆ ನಡೆದಾಡಿಕೊಂಡಿದ್ದವನು ಒಂದು ದಿನ ಕಾಣಲಿಲ್ಲ, ದೇವರೇ ಕರೆದುಕೊಂಡ ಎನ್ನುತ್ತಾರೆ. ಸತ್ತ ಇಸವಿಯ ಜಾಗ ಖಾಲಿ ಬಿಟ್ಟೆ. ಮಿದ್ಯಾನನ ಮಗ ಒಬ್ಬ, ರೂಬೇನನ ಮಗ ಒಬ್ಬ. ಅಲ್ಲಿಂದಾಚೆ ಆ ಹೆಸರನ್ನು ಇಷ್ಟಪಟ್ಟವರ ಸಾಲು: ಹಡಗಿನ ಬಡಗಿ, ತನ್ನ ಅಣ್ಣನ ಮಗನನ್ನೇ ಗಲ್ಲಿಗೇರಿಸಿದ ನ್ಯಾಯಾಧೀಶ, ಒಂದು ಬೋಳುಗುಡ್ಡ, ಉಪ್ಪಿನ ಕಾರ್ಖಾನೆ, ರೈಲು ನಿಲ್ಲದೇ ಹೋಗುವ ಎರಡು ನಿಲ್ದಾಣ. ಎಲ್ಲರಿಗೂ ಚೀಟಿ ಇತ್ತು.

ಕೊನೆಯಲ್ಲಿ ನಮ್ಮಣ್ಣನನ್ನು ಬರೆದೆ.

ಅವನ ಹೆಸರೂ ಅದೇ, ಅಪ್ಪ ಇಟ್ಟದ್ದು. ಭೂಮಾಪನದವರ ತಂಡದಲ್ಲಿ ಸರಪಳಿ ಹಿಡಿಯುವ ಕೆಲಸ. ಅಳತೆಯ ಸರಪಳಿಯ ಒಂದು ತುದಿ ಹಿಡಿದು ಕಲ್ಲು ಮುಳ್ಳು ನೋಡದೆ ನೆಟ್ಟಗೆ ನಡೆಯಬೇಕು. ಉತ್ತರದ ಬೆಟ್ಟಗಳಿಗೆ ಹೋದವನು ಹಿಮ ಕುಸಿದಾಗ ಕಾಣೆಯಾದ. ತಂಡದ ದಾಖಲೆಯಲ್ಲಿ ‘ಸರಪಳಿಯವರು, ಆರು ಜನ’ ಅಂತಷ್ಟೇ ಇದೆ. ಅವನು ಮೊದಲು ದಾಟಿ ತೋರಿಸಿದ ಹಳ್ಳವೊಂದನ್ನು ಜೊತೆಗಾರರು ಹನೋಕನ ಹಳ್ಳ ಎನ್ನುತ್ತಿದ್ದರಂತೆ. ನಕ್ಷೆಯಲ್ಲಿ ಅದಕ್ಕೆ ನಂಬರು ಮಾತ್ರ. ಹುಟ್ಟಿದ ಕಾಗದ ಇತ್ತು. ನಾನು ಹುಟ್ಟುವ ಮೊದಲು ಹಳೇ ಊರು ಬಿಟ್ಟು ಬರುವಾಗ ಪೆಟ್ಟಿಗೆ ಸಮೇತ ದೋಣಿಯಿಂದ ನೀರಿಗೆ ಬಿತ್ತು. ಫೋಟೋ ತೆಗೆಸಿಕೊಳ್ಳುವ ಯೋಗ್ಯತೆ ನಮಗೆ ಯಾವತ್ತೂ ಇರಲಿಲ್ಲ.

ಅವನ ನಾಲ್ಕು ಸಾಲನ್ನು ರೈಲು ನಿಲ್ದಾಣಗಳ ಹಿಂದೆ ಮೆಲ್ಲಗೆ ತೂರಿಸಿದೆ. ಕತ್ತರಿಯ ಕಣ್ಣು ಬಿಡುತ್ತದೆಯೇ?

“ಇವನ ಚೀಟಿ ಎಲ್ಲಮ್ಮಾ?”

“ಇಲ್ಲ ಸರ್. ಅವನು… ನಮ್ಮಣ್ಣ.”

ಕೆಂಪು ಪೆನ್ಸಿಲು ಹಾಳೆಯ ಮೇಲೆ ನಿಂತಿತು. ಅವರು ನನ್ನ ಮುಖ ನೋಡಿದರು, ಹಾಳೆ ನೋಡಿದರು. “ಇರಲಿ ಬಿಡಿ,” ಅಂದರು.

ಎಂಥ ಪೆದ್ದಿ ನಾನು! ಕಲ್ಲೂ ಕರಗುತ್ತದೆ ಅಂದುಕೊಂಡೆ. ಕಚೇರಿಯ ಬಚ್ಚಲಿಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ, ಮುಖ ತೊಳೆದು ಬಂದು ಅವರ ಮೇಜು ಒರೆಸಿದೆ. ಅದು ನನ್ನ ಕೆಲಸವೇ ಅಲ್ಲ.

ಸಂಪುಟ ಬಂದಾಗ ಆ ಒಂದು ಹಾಳೆಯ ಪ್ರತಿಯನ್ನು ಅಮ್ಮನಿಗೆ ಕೊಟ್ಟೆ. ಓದಲು ಬರದವಳು ಸಾಲಿನ ಜಾಗವನ್ನು ಬೆರಳಿಗೆ ರೂಢಿ ಮಾಡಿಕೊಂಡಳು. ಹಾಲಿನವನು, ಮೀಟರು ನೋಡುವವನು, ಕೆಳಮನೆಯ ದರ್ಜಿ, ಯಾರು ಬಂದರೂ ಹಾಳೆ ಹೊರಗೆ ಬರುತ್ತಿತ್ತು. “ಇವರೆಲ್ಲ ದೊಡ್ಡೋರು, ಕಾಯಿನನ ಮಗ, ಜಡ್ಜು. ಇಲ್ಲಿರೋನು ನನ್ನ ಮಗ. ಒಂದೇ ಮನೇಲಿ ಇಟ್ಟಿದಾರೆ ನೋಡಿ.” ದರ್ಜಿ ಆ ಪಟ್ಟಿಯನ್ನು ಕನಿಷ್ಠ ಮೂವತ್ತು ಸಲ ಕೇಳಿರಬೇಕು, ಪಾಪ.

ಎರಡು ವರ್ಷದ ಮೇಲೆ ಕತ್ತರಿ ನನ್ನನ್ನು ಒಳಗೆ ಕರೆದರು. ಅಷ್ಟು ಹಲ್ಲು ಬಿಟ್ಟದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

“ಎದುರು ಬೀದಿಯ ಪ್ರಕಾಶಕರು ನಮ್ಮ ಕೋಶನ ಪೂರ್ತಿ ನುಂಗಿದಾರೆ. ಕೇಸು ಹಾಕಿದೀವಿ. ಬಲೆಗೆ ಬಿದ್ದಿದಾರೆ.”

“ಯಾವುದು ಸರ್ ಬಲೆ?”

“ನಿಮ್ಮ ಹನೋಕ.”

ಕುರ್ಚಿ ಎಳೆದುಕೊಂಡು ಕೂತೆ. “ಅವನು ಇದ್ದ ಸರ್. ನನ್ನ ತಲೆ ಬಾಚ್ತಿದ್ದ. ನನಗೆ ಅಕ್ಷರ ಕಲಿಸಿದವನೇ ಅವನು.”

“ಚೀಟಿ ಇದ್ಯಾ?”

ಇಲ್ಲವೆಂದು ತಲೆಯಾಡಿಸಿದೆ.

“ನೋಡಮ್ಮಾ, ಆ ಸಾಲು ಬರೆದವರು ನೀವು, ಸಾಕ್ಷಿಗೆ ನಿಮ್ಮನ್ನೇ ಕರೀತಾರೆ. ಕಟ್ಟಿದ್ದು, ಅಂಥೋನು ಇರಲಿಲ್ಲ ಅಂತ ಹೇಳಿ. ಇದ್ದ ಅಂದ್ರೆ ಮನೆಯವರನ್ನ ಕೋಶದಲ್ಲಿ ತುರುಕಿದೀರಿ ಅಂತಾಗತ್ತೆ, ನಿಮ್ಮ ಕೆಲಸ ಹೋಗತ್ತೆ. ಕೇಸೂ ಹೋಗತ್ತೆ, ಈ ನಲವತ್ತು ಜನರ ಒಲೆ ಆರತ್ತೆ. ಇಲ್ಲದೇ ಇರೋನಿಗೋಸ್ಕರ ಇಷ್ಟೆಲ್ಲ ಯಾಕೆ?”

ಅವರ ಕುತ್ತಿಗೆ ಹಿಸುಕಬೇಕೆನ್ನಿಸಿತು. “ಆಗಲಿ ಸರ್” ಅಂದೆ.

ಕೋರ್ಟಿನ ಕೋಣೆ ಚಿಕ್ಕದು, ಫ್ಯಾನು ಕಿರ್‍ರೆನ್ನುತ್ತಿತ್ತು. ಲಕೋಟೆ ಒಡೆದರು, ಅಣ್ಣನ ಹೆಸರು ಓದಿದರು. ನಾನು ಪ್ರಮಾಣ ಮಾಡಿ ಹೇಳಿದೆ: ನಾನೇ ಕಟ್ಟಿದ್ದು, ಅಂಥ ಮನುಷ್ಯ ಇರಲಿಲ್ಲ. ನಾಲಿಗೆ ತೊದಲಲೂ ಇಲ್ಲ. ಕತ್ತರಿಯ ಕೈಕೆಳಗಿನ ಹತ್ತೊಂಬತ್ತು ವರ್ಷದ ತರಬೇತಿ ಸುಮ್ಮನೆ ಅಲ್ಲ. ಮುಗಿಸಿ ಬಂದು ಕತ್ತರಿಯ ಪಕ್ಕ ಕೂತೆ, ಅವರು ನೀರಿನ ಲೋಟ ಮುಂದೆ ತಳ್ಳಿದರು.

ಆಗ ಎದುರು ವಕೀಲ ತನ್ನ ಸಾಕ್ಷಿಯನ್ನು ಕರೆಸಿದ. ಬಾಗಿಲಲ್ಲಿ ಅಮ್ಮ.

ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದ ಸೀರೆ ಉಟ್ಟಿದ್ದಳು. ದರ್ಜಿಯ ಬಾಯಿಂದ ಸುದ್ದಿ ಆ ವಕೀಲನ ಕಿವಿಗೆ ಬಿದ್ದಿತ್ತು. ಮಗ ನಿಜವಾಗಿ ಇದ್ದನೆಂದಾದರೆ ಬಲೆಯೇ ಇಲ್ಲ, ಕಳ್ಳತನವೂ ಇಲ್ಲ. ಮಗಳಿಗೆ ಹೇಳಬೇಡಿ ಎಂದು ಅವಳನ್ನು ಒಪ್ಪಿಸಿ, ಇಷ್ಟು ಹೊತ್ತೂ ಹೊರಗೆ ಬೆಂಚಿನ ಮೇಲೆ ಕೂರಿಸಿದ್ದ. ನಾನು ಹೇಳಿದ್ದು ಅವಳಿಗೆ ಕೇಳಿಸಿರಲಿಲ್ಲ. ನನ್ನನ್ನು ನೋಡಿ ಕಣ್ಣು ಮಿಟುಕಿಸಿದಳು. ನಿನಗೇ ಗೊತ್ತಿಲ್ಲದೆ ಬಂದೆ ನೋಡು, ಅನ್ನುವ ಹಾಗೆ.

“ನಿಮ್ಮ ಮಗನ ಹೆಸರೇನಮ್ಮಾ?”

“ಹನೋಕ ಸ್ವಾಮಿ. ಸರಪಳಿ ಕೆಲಸ. ಬೆಟ್ಟದಲ್ಲಿ ಒಂದು ಹಳ್ಳಕ್ಕೆ ಅವನ ಹೆಸರಿಟ್ಟಿದಾರೆ.”

ನಮ್ಮ ವಕೀಲ ಎದ್ದ. ದನಿ ಬೆಣ್ಣೆ.

“ಅವನು ಇದ್ದ ಅನ್ನೋದಕ್ಕೆ ಏನಾದ್ರೂ ಕಾಗದ ಇದ್ಯಾ ತಾಯಿ?”

“ಇಲ್ದೇ ಏನು?” ಅಮ್ಮ ಚೀಲದಿಂದ ಆ ಹಾಳೆ ತೆಗೆದು ಬೆರಳಿಟ್ಟು ತೋರಿಸಿದಳು. ಕೋಣೆಯೆಲ್ಲ ನಕ್ಕಿತು. ನ್ಯಾಯಾಧೀಶರೂ ಕರವಸ್ತ್ರ ಬಾಯಿಗೆ ಹಿಡಿದರು. ಜನ ನಗುತ್ತಿದ್ದಾರಲ್ಲ ಎಂದು ಅಮ್ಮನೂ ಸ್ವಲ್ಪ ನಕ್ಕಳು.

“ಇದನ್ನ ಬರೆದವರು ನಿಮ್ಮ ಮಗಳು. ಈಗ ತಾನೇ ಇಲ್ಲೇ ನಿಂತು, ಅಂಥೋನು ಇರಲೇ ಇಲ್ಲ, ನಾನೇ ಕಟ್ಟಿದ್ದು ಅಂತ ಪ್ರಮಾಣ ಮಾಡಿ ಹೇಳಿದಾರೆ. ಪ್ರಮಾಣ ಮಾಡಿ ಸುಳ್ಳು ಹೇಳಿದ್ರೆ ಜೈಲು. ನೀವೇ ಹೇಳಿ, ಸುಳ್ಳು ಹೇಳ್ತಿರೋದು ನೀವಾ, ಅವರಾ?”

ಅಮ್ಮ ನನ್ನ ಕಡೆ ತಿರುಗಿದಳು. ನಾನು ತಲೆ ಎತ್ತಬಹುದಿತ್ತು. ಎದ್ದು ನಿಂತು ಒಂದೇ ಒಂದು ಮಾತು ಹೇಳಬಹುದಿತ್ತು. ನನ್ನ ಚಪ್ಪಲಿಯ ಹರಿದ ಬಾರನ್ನು ನೋಡುತ್ತ ಕೂತೆ. ಆ ಹೊತ್ತಿಗೆ ನನಗೆ ಬೇಕಿದ್ದದ್ದು ಅಮ್ಮ ಬೇಗ ಬಾಯಿ ಮುಚ್ಚಲಿ ಎಂಬುದೊಂದೇ.

ಅಮ್ಮ ಹಾಳೆಯನ್ನು ಮಡಿಸಿದಳು. ಮತ್ತೂ ಒಮ್ಮೆ ಮಡಿಸಿದಳು.

“ವಯಸ್ಸಾಯ್ತಲ್ಲ ಸ್ವಾಮಿ, ತಲೆ ನಿಲ್ಲಲ್ಲ. ನನ್ನ ಮಗಳು ಸುಳ್ಳು ಹೇಳೋಳಲ್ಲ.”

“ಹಾಗಾದ್ರೆ ಮಗ?”

“ನನಗೆ ಒಬ್ಬಳೇ ಮಗಳು. ಗಂಡು ಹುಟ್ಟಲಿಲ್ಲ.”

ಎದುರು ವಕೀಲ ಕೂಗಾಡಿದ. ನ್ಯಾಯಾಧೀಶರು ಇನ್ನೊಮ್ಮೆ ಕೇಳಿದರು, ಅವಳು ಇನ್ನೊಮ್ಮೆ ಅದನ್ನೇ ಹೇಳಿದಳು. ಗುಮಾಸ್ತ ಬರೆದುಕೊಂಡು, ಓದಿ ಹೇಳಿ, ಮಸಿಯ ಡಬ್ಬಿ ಮುಂದಿಟ್ಟ. ಅಮ್ಮನ ಹೆಬ್ಬೆರಳನ್ನು ಅವನೇ ಹಿಡಿದು ಒತ್ತಿಸಿದ.

ಕೇಸು ಗೆದ್ದೆವು. ನಮ್ಮಣ್ಣನ ಬಗ್ಗೆ ಈ ಲೋಕದಲ್ಲಿ ಮುದ್ರೆ ಬಿದ್ದ ಕಾಗದ ಅಂತ ಇರುವುದು ಅದೊಂದೇ. ಅವನು ಹುಟ್ಟಲಿಲ್ಲ ಎಂದು ಅದರಲ್ಲಿದೆ, ಕೆಳಗೆ ಹೆತ್ತವಳ ಹೆಬ್ಬೆಟ್ಟು.