ಟ್ಯಾಂಕ್ ಹತ್ತದ ಇನ್ಸ್‌ಪೆಕ್ಟರ್

ಆರೋಗ್ಯ ನಿರೀಕ್ಷಕ ಉದಯಕುಮಾರ್ ಕೆಟ್ಟವನೇನಲ್ಲ. ಮೈಗಳ್ಳ, ಅಷ್ಟೇ. ಮೈಗಳ್ಳತನಕ್ಕೆ ಬೇರೆಯವರು ಬೆಲೆ ತೆರಬೇಕಾಗುತ್ತದೆ ಅನ್ನುವುದು ಅವನಿಗೆ ಆ ವಾರದವರೆಗೂ ಹೊಳೆದಿರಲಿಲ್ಲ.

ರಾಮಾಪುರದ ಆಚೆ, ಕಾಡಂಚಿನ ಗೊರವನದೊಡ್ಡಿಯಲ್ಲಿ ಭಾನುವಾರ ಗುರುಸಿದ್ದಯ್ಯನ ಮನೆಯ ತಿಥಿಯೂಟ. ಸೋಮವಾರ ಬೆಳಗಾಗುವಷ್ಟರಲ್ಲಿ ಹದಿನಾಲ್ಕು ಜನಕ್ಕೆ ವಾಂತಿಭೇದಿ. ಆಂಬುಲೆನ್ಸು ಕೊಳ್ಳೇಗಾಲಕ್ಕೆ ಎಷ್ಟು ಸಲ ಓಡಿತೋ! ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಆದರೆ ಬೈಯಲು ಊರಿಗೆ ಒಬ್ಬರು ಬೇಕಲ್ಲ, ರಾಮಮ್ಮ ಸಿಕ್ಕಿದಳು. ತಿಥಿಗೆ ಅಡುಗೆ ಮಾಡಿದವಳು ಅವಳೇ, ಹದಿನೆಂಟು ವರ್ಷದಿಂದ ಶಾಲೆಯ ಬಿಸಿಯೂಟ ಬೇಯಿಸುತ್ತಿದ್ದವಳೂ ಅವಳೇ. ಮಾರನೇ ದಿನದಿಂದ ಮಕ್ಕಳು ಮನೆಯಿಂದಲೇ ಡಬ್ಬಿ ತರತೊಡಗಿದರು. ಅವಳನ್ನು ಕೆಲಸದಿಂದ ತೆಗೆಯಲು ಶಾಲಾ ಕಮಿಟಿಯ ಅಧ್ಯಕ್ಷ ವೃಷಭೇಂದ್ರಪ್ಪ ಶುಕ್ರವಾರ ಸಭೆ ಕರೆದ. ರಾಮಮ್ಮ ಯಾರ ಜೊತೆಗೂ ಜಗಳಕ್ಕೆ ಹೋಗಲಿಲ್ಲ. ಮನೆಯಲ್ಲೂ ಒಲೆ ಹಚ್ಚುವುದನ್ನು ಬಿಟ್ಟಳು. ಗಂಡ ಪಾಪ, ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಬಂದು ತಿನ್ನುತ್ತಿದ್ದ.

ಊಟದಿಂದ ಆಯಿತೋ ನೀರಿನಿಂದ ಆಯಿತೋ, ಶುಕ್ರವಾರದೊಳಗೆ ವರದಿ ಕೊಡು ಎಂದು ಉದಯಕುಮಾರನಿಗೆ ಮೇಲಿನವರ ಅಪ್ಪಣೆಯಾಯಿತು. ಊಟ ಎಂದು ಬರೆದುಬಿಟ್ಟರೆ ಸಲೀಸು. ನೀರು ಚೆನ್ನಾಗಿದೆ ಎಂದು ತಿಂಗಳು ತಿಂಗಳೂ ಸಹಿ ಹಾಕಿದವನು ಅವನೇ ತಾನೇ.

ಆ ಸಹಿಯ ಕಥೆ ಕೇಳಿ. ನೀರು ಪರೀಕ್ಷೆಗೆ ಇಲಾಖೆ ಒಂದು ಸಣ್ಣ ಬಾಟಲಿ ಕೊಡುತ್ತದೆ. ನೀರು ತುಂಬಿಸಿ ಒಂದೆರಡು ದಿನ ಇಟ್ಟರಾಯಿತು, ಕೆಟ್ಟ ನೀರಾದರೆ ಕಪ್ಪಗಾಗುತ್ತದೆ. ಆದರೆ ಊರಿನ ಟ್ಯಾಂಕು ದಿಣ್ಣೆಯ ಮೇಲೆ, ಅದಕ್ಕೆ ಉದ್ದನೆಯ ಕಬ್ಬಿಣದ ಏಣಿ. ನಲ್ಲಿಯಲ್ಲಿ ನೀರು ಬಿಡುವುದು ಬೆಳಗ್ಗೆ ಆರಕ್ಕೆ, ಆಗ ನಮ್ಮ ಇನ್ಸ್‌ಪೆಕ್ಟರು ಹನೂರಿನಲ್ಲಿ ಮುಸುಕು ಹೊದ್ದು ಮಲಗಿರುತ್ತಿದ್ದ. ಹಾಗಾಗಿ ರಸ್ತೆ ಬದಿಯ ಶಿವನಂಜಯ್ಯನ ಅಂಗಡಿಯಲ್ಲಿ ಟೀ ಕುಡಿದು, ಅಲ್ಲೇ ಕೊಡದಿಂದ ಬಾಟಲಿ ತುಂಬಿಸಿಕೊಂಡು ಹಿಂದಿರುಗುತ್ತಿದ್ದ. ಅದು ಶಿವನಂಜಯ್ಯನ ಸ್ವಂತ ಬೋರ್‌ವೆಲ್ಲಿನ ನೀರು ಅನ್ನುವುದು ಅವನಿಗೆ ಗೊತ್ತಿತ್ತು. ಎಲ್ಲಾ ಒಂದೇ ನೆಲದ ನೀರು ತಾನೇ ಎಂದು ಸಮಾಧಾನ ಮಾಡಿಕೊಂಡಿದ್ದ. ಬಾಟಲಿ ಒಂದು ಸಲವೂ ಕಪ್ಪಗಾಗಲಿಲ್ಲ. ಎಲ್ಲಿಂದ ಆದೀತು!

ಮಂಗಳವಾರ, ಕೊನೆಗೂ, ಏಣಿ ಹತ್ತಿದ. ಮುಚ್ಚಳ ತುಕ್ಕು ಹಿಡಿದು ಎಂದೋ ಮುರಿದುಬಿದ್ದಿತ್ತು. ಒಳಗೆ ಮೂರು ಪಾರಿವಾಳ ಸತ್ತು ಬಿದ್ದಿದ್ದವು. ಒಂದು ಹೊಸದು, ಉಬ್ಬಿ ತೇಲುತ್ತಿತ್ತು, ಉಳಿದೆರಡರಲ್ಲಿ ಪುಕ್ಕ ಮೂಳೆ ಬಿಟ್ಟರೆ ಏನೂ ಇರಲಿಲ್ಲ. ಬಾಟಲಿ ತುಂಬಿಸಿಕೊಂಡು ಇಳಿದವನೇ, ಟ್ಯಾಂಕ್ ನೋಡಿಕೊಳ್ಳುವ ನೀರುಗಂಟಿ ಸ್ವಾಮಿಗೆ ಹೇಳಿ ವಾಲ್ವ್ ಬಂದ್ ಮಾಡಿಸಿದ, ಟ್ಯಾಂಕ್ ತೊಳೆಸಿ ಬ್ಲೀಚಿಂಗ್ ಪೌಡರ್ ಹಾಕಿಸಿದ. ಕೇಳಿದವರಿಗೆಲ್ಲ ಮಾಮೂಲಿ ಕ್ಲೀನಿಂಗು ಎಂದ. ಸ್ವಾಮಿಯೂ ತನ್ನ ತಪ್ಪು ಹೊರಗೆ ಬಂದೀತೆಂದು ಬಾಯಿ ಮುಚ್ಚಿಕೊಂಡಿದ್ದ. ಗುರುವಾರದ ಹೊತ್ತಿಗೆ ಬಾಟಲಿ ಮಸಿಯ ಹಾಗೆ ಕಪ್ಪಾಗಿತ್ತು. ಅದನ್ನು ಎಸೆದುಬಿಟ್ಟರೆ ಮುಗಿಯಿತು. ಇನ್ನು ಮುಂದೆ ನೀರು ಸರಿಯಿರುತ್ತದೆ, ಅವನ ಕೆಲಸವೂ ಉಳಿಯುತ್ತದೆ, ಹೋಗುವುದು ರಾಮಮ್ಮನ ಕೆಲಸ ಒಂದೇ.

ಶುಕ್ರವಾರ ಶಾಲೆಯ ಜಗಲಿಯಲ್ಲಿ ಸಭೆ ಸೇರಿದಾಗ, ಊಟ ಎಂದು ಬರೆದ ವರದಿ ಅವನ ಜೇಬಿನಲ್ಲಿತ್ತು, ಬಾಟಲಿ ಚೀಲದಲ್ಲಿತ್ತು. ನೀವೇ ಹೇಳಿ ಎಂದು ವೃಷಭೇಂದ್ರಪ್ಪ ಅವನತ್ತ ತಿರುಗಿದ. ಅವನು ಬಾಯಿ ತೆರೆಯುವ ಮೊದಲೇ ಕಂಬದ ಪಕ್ಕ ನಿಂತಿದ್ದ ರಾಮಮ್ಮ ಮಾತಾಡಿದಳು.

"ಅವ್ರನ್ನ ಯಾಕೆ ಕೇಳ್ತೀರಿ ಅಪ್ಪೋರೆ. ನನ್ ಕೈಲೇ ಏನೋ ದೋಸ ಅದೆ. ತೆಗ್ದುಬುಡಿ."

ಉದಯಕುಮಾರ್ ಜೇಬಿನ ವರದಿಯನ್ನು ಹೊರಗೆ ತೆಗೆಯಲಿಲ್ಲ. ಚೀಲಕ್ಕೆ ಕೈ ಹಾಕಿ ಬಾಟಲಿ ತೆಗೆದು ಮೇಜಿನ ಮೇಲಿಟ್ಟ.

"ತಪ್ಪು ಅವರದಲ್ಲ," ಅಂದ. "ನಂದು."

ಟೀ ಅಂಗಡಿಯ ಕೊಡ, ಮುರಿದ ಮುಚ್ಚಳ, ಪಾರಿವಾಳ ಎಲ್ಲವನ್ನೂ ತಲೆ ಎತ್ತದೆ ಹೇಳಿ ಮುಗಿಸಿದ. ಯಾರೋ ಕೊರಳಪಟ್ಟಿ ಹಿಡಿದರು, ಯಾರೋ ಬಿಡಿಸಿದರು. ಮೇಲಿನವರಿಗೆ ಇವತ್ತೇ ದೂರು ಕೊಡುತ್ತೇನೆ ಎಂದು ವೃಷಭೇಂದ್ರಪ್ಪ ಗುಡುಗಿದ. ಆಮೇಲೆ ದನಿ ತಗ್ಗಿಸಿ, ಸೋಮವಾರದಿಂದ ಅಡುಗೆಗೆ ಬಾರವ್ವಾ ಎಂದು ರಾಮಮ್ಮನನ್ನು ಕರೆದ. ಆಗ ಉದಯಕುಮಾರ್ ಅವಳ ಮುಖ ನೋಡಿದ. ನಾಚಿಕೆಯಿಲ್ಲದ ಮನಸ್ಸು, ಅವಳು ಒಂದು ಸಣ್ಣ ನಗು ನಕ್ಕಾಳೇನೋ ಎಂದು ಕಾಯುತ್ತಿತ್ತು.

ನೀರು ಎಷ್ಟು ದಿನದಿಂದ ಹಾಗಿತ್ತು ಎಂದು ಅವಳು ಕೇಳಿದಳು. ಆ ಮೂಳೆ ನೋಡಿದರೆ ಎಂಟು ತಿಂಗಳಾದರೂ ಆಗಿರಬೇಕು, ಇನ್ನೂ ಹೆಚ್ಚೇ ಇದ್ದೀತು ಎಂದ.

ರಾಮಮ್ಮ ಶಾಲೆಯ ಗೋಡೆಯತ್ತ ತಿರುಗಿದಳು.

"ಮೊದ್ಲು ಮಕ್ಳಿಗೆ ನೀರ ಕಾಯ್ಸಿ, ಆರ್ಸಿ ಕೊಡ್ತಿದ್ದೆ ಸಾ," ಅಂದಳು. "ನೀರು ಚೆನ್ನಾಗದೆ ಅಂತ ಬರ್ದು ನೀವೇ ಬಂದು ಗೋಡೆಗೆ ಅಂಟ್ಸುದ್ರಲ್ಲ, ಅವತ್ತಿಂದ ಕಾಯ್ಸೋದ ಬುಟ್‌ಬುಟ್ಟೆ."