ದಬ್ಬಳ ತೂರಿಸಿದ ಗಾಳ

ಬಾಗಿಲನ್ನು ಮೆಲ್ಲಗೆ ಹಾಕಮ್ಮ ಎಂದು ಮಾವ ಸಾವಿರ ಸಲ ಹೇಳಿದ್ದರು. ಗಂಡನ ಮೇಲಿನ ಸಿಟ್ಟನ್ನು ನಾನು ಬಾಗಿಲ ಮೇಲೆ ತೀರಿಸಿಕೊಂಡೆ. ಸಂದಿಯಲ್ಲಿ ಒರಗಿಸಿದ್ದ ಮಾವನ ಗಾಳದ ಕೋಲಿನ ತುದಿ ಲಟಕ್ಕನೆ ಮುರಿಯಿತು.

ಹೇಳಿಬಿಡಬಹುದಿತ್ತು. ಆದರೆ ನಾನು ದರ್ಜಿ. ಹರಿದದ್ದು ಗೊತ್ತಾಗದಂತೆ ಹೊಲಿಯುವುದೇ ನನ್ನ ಹೊಟ್ಟೆಪಾಡು. ಪೊಳ್ಳು ಕೋಲಿನೊಳಗೆ ಗೋಣಿ ಹೊಲಿಯುವ ಒಂದು ದಬ್ಬಳ ತೂರಿಸಿ, ಅಂಟು ತುಂಬಿ, ಕೋಲಿಗೆ ಮೊದಲೇ ಇದ್ದ ಸುತ್ತುಗಳಂತೆಯೇ ಮೇಲೆ ಕಪ್ಪು ದಾರ ಒತ್ತೊತ್ತಾಗಿ ಸುತ್ತಿದೆ. ಗಂಟು ಎಲ್ಲಿದೆಯೆಂದು ನನಗೇ ಕಾಣಲಿಲ್ಲ. ಸ್ವಲ್ಪ ಬೀಗಿದೆ ಕೂಡ.

ಭಾನುವಾರ ಮಾವ ನದಿಯಿಂದ ಬರಿಗೈಯಲ್ಲಿ ಬಂದರು. ಮುಂದಿನ ವಾರವೂ ಅಷ್ಟೇ. ಅವರು ದಾರಕ್ಕೆ ತೇಲುವ ಬೆಂಡು ಕಟ್ಟುವವರಲ್ಲ. ಮೀನು ಮುಟ್ಟಿದ್ದು ಕೋಲಿನ ತುದಿಯಿಂದ ಇಳಿದು ಬೆರಳಿಗೆ ತಿಳಿಯಬೇಕು.

“ನೀವು ರಿಟೈರಾಗಿದ್ದು ಮೀನುಗಳಿಗೂ ಗೊತ್ತಾಗಿದೆ ಮಾವ,” ಎಂದು ರೇಗಿಸಿದೆ.

ಅವರು ನಗಲಿಲ್ಲ. “ಕಚ್ಚಿ ಹೋಗ್ತಿವೆ ಕಣಮ್ಮ. ನನಗೇ ಗೊತ್ತಾಗ್ತಿಲ್ಲ. ಬೆರಳು ಸತ್ತುಹೋಗಿವೆ.”

ದಬ್ಬಳ ಒಳಗಿರುವುದರಿಂದ ತುದಿ ಈಗ ಬಾಗುವುದಿಲ್ಲವೆಂದು ನನಗೆ ಗೊತ್ತಿತ್ತು. ಆಗಲೂ ತುಟಿ ಪಿಟಕ್ಕೆನ್ನಲಿಲ್ಲ. ಗಾಳ ಅಟ್ಟ ಸೇರಿತು. ಮಾವ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯತೊಡಗಿದರು.

ಒಂದು ಬೆಳಿಗ್ಗೆ ನಾನು ಮಷೀನಿನ ಮುಂದಿದ್ದಾಗ ನನ್ನ ಕೂಸು ಅತ್ತಿತು. “ಮಾವ, ಒಂಚೂರು ಎತ್ಕೊಳ್ಳಿ,” ಎಂದೆ. ತೊಟ್ಟಿಲ ಪಕ್ಕದಲ್ಲೇ ಕೂತಿದ್ದವರು, ಜೀವಮಾನವೆಲ್ಲ ಬಸ್ಸು ಓಡಿಸಿದ ಆ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡರು.

“ಬೇಡಮ್ಮ. ಜಾರಿಬಿಟ್ರೆ? ಈ ಕೈ ನಂಬೋ ಹಾಗಿಲ್ಲ.”

ಅವರು ಕೂಸನ್ನು ಎತ್ತಿಕೊಂಡು ಎಷ್ಟು ದಿನವಾಯಿತೆಂದು ಆಗ ಹೊಳೆಯಿತು. ಕೂಸನ್ನು ಸುಮ್ಮನಾಗಿಸಿ ತೊಟ್ಟಿಲಿಗೆ ಹಾಕಿ, ಅಟ್ಟದಿಂದ ಗಾಳ ಇಳಿಸಿದೆ. ಅವರ ಕಣ್ಣೆದುರೇ ದಾರ ಕತ್ತರಿಸಿ, ಕೋಲನ್ನು ಮತ್ತೆ ಅಲ್ಲೇ ಮುರಿದೆ. ದಬ್ಬಳದ ಮೊನೆ ಹೊರಗೆ ಬಂತು.

“ನಿಮ್ಮ ಕೈಗೆ ಏನೂ ಆಗಿಲ್ಲ ಮಾವ. ಇದು ಒಳಗಿದ್ರೆ ಯಾರ ಬೆರಳಿಗೂ ಮೀನು ತಿಳಿಯಲ್ಲ. ಮುರಿದಿದ್ದೂ ನಾನೇ, ಮುಚ್ಚಿಟ್ಟಿದ್ದೂ ನಾನೇ.”

ಬೈಯಲಿ ಎಂದು ಕಾದೆ. ಅವರು ಮೊನೆಯ ಮೇಲೆ ಹೆಬ್ಬೆರಳು ಒತ್ತಿ, ಥಟ್ಟನೆ ಹಿಂದೆಗೆದರು.

“ಚುಚ್ತು,” ಎಂದರು. ಕಣ್ಣಲ್ಲಿ ನೀರಿತ್ತು.

ಆಮೇಲೆ ಕೈಯನ್ನು ಪಂಚೆಗೆ ಒರೆಸಿಕೊಂಡು ಕೂಸನ್ನು ಎತ್ತಿಕೊಂಡರು. ಅದು ಅವರ ಮುಖ ನೋಡಿ, ತುಟಿ ಸೊಟ್ಟ ಮಾಡಿ, ಅಳುತ್ತ ನನ್ನತ್ತ ಕೈಚಾಚಿತು.

“ರೂಢಿ ತಪ್ಪಿದೆ ಅದಕ್ಕೆ, ಅಷ್ಟೇ,” ಎಂದು ಮಾವ ನನ್ನನ್ನೇ ಸಮಾಧಾನ ಮಾಡಿದರು.

ನಾನು ಕೈ ನೀಡಲಿಲ್ಲ. ಅವರ ಹೆಗಲ ಮೇಲೆ ಅದು ಅತ್ತು ಅತ್ತು ಸುಮ್ಮನಾಗುವವರೆಗೆ ಅಲ್ಲೇ ನಿಂತಿದ್ದೆ.