ಎಡಗೈ ಗಂಟು

ಮೂರನೇ ಜೊತೆ ಸ್ಪೀಕರು ಬಂದು ತಿಂಗಳಾಗಿತ್ತು. ಅದೂ ಒಗ್ಗಲಿಲ್ಲ.

ಮೇಸ್ತ್ರಿ ಅಂಗಳದ ಕೆಲಸ ಬದಿಗಿಟ್ಟು, ಪೆಟ್ಟಿಗೆಗಳನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದು ಮತ್ತೆ ರೆಕಾರ್ಡು ಹಾಕಿದರು. ಹಾಡುವವಳ ದನಿ ಬಂತು. ಹಿಂದಿನ ನಗಾರಿ ಮಾತ್ರ ತಗಡಿನ ಡಬ್ಬಿ ಬಡಿದ ಹಾಗೆ ಕೇಳಿಸಿತು.

"ಡಬ್ಬಿ ಬಡಿದ ಹಾಗಿದೆ, ಅಲ್ವಾ?" ಅಂದರು.

"ನನಗೂ ಹಾಗೇ ಕೇಳ್ತಿದೆ," ಅಂದಳು ಹೆಂಡತಿ ಬಟ್ಟೆ ಮಡಿಸುತ್ತ.

"ನೀನು ನನ್ನ ಸಮಾಧಾನಕ್ಕೆ ಹೇಳ್ತೀಯ ಬಿಡು."

ಸುತ್ತಮುತ್ತ ಎಲ್ಲಿ ನೀರೆತ್ತುವ ಮೋಟಾರು ಸುಟ್ಟರೂ ಬರುವುದು ಮೇಸ್ತ್ರಿಯ ಅಂಗಳಕ್ಕೇ. ತಿರುಗುವ ಮೋಟಾರಿಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಬೇರಿಂಗು ಎಷ್ಟು ದಿನ ಬಾಳೀತು ಎಂದು ಅವರು ಹೇಳಿದರೆ ಅಲ್ಲಿಗೆ ಮುಗಿಯಿತು. ಆ ಕಿವಿಯೇ ಅವರ ಅನ್ನ.

ಹಳೆಯ ವಾಲ್ವ್ ಆಂಪ್ಲಿಫೈಯರನ್ನು ಗುಜರಿಯಲ್ಲಿ ಹುಡುಕಿ ತಂದುಕೊಟ್ಟವನು ಹೆಂಡತಿಯ ಅಣ್ಣ. ಪೇಟೆಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಅವನನ್ನು ಬೀದಿಯೆಲ್ಲ ರೇಡಿಯೋ ಭಾವ ಎಂದೇ ಕರೆಯುತ್ತಿತ್ತು. ಆ ಆಂಪ್ಲಿಫೈಯರಿನೊಳಗೆ ವಾಲ್ವಿನ ದನಿಯನ್ನು ಸ್ಪೀಕರಿಗೆ ದಾಟಿಸುವ ಎರಡು ಟ್ರಾನ್ಸ್‌ಫಾರ್ಮರುಗಳೂ ಆಗ ಸುಟ್ಟು ಕರಕಲಾಗಿದ್ದವು. ಮೇಸ್ತ್ರಿ ಅವನ್ನು ಬಿಚ್ಚಿ, ಕೂದಲಿನಷ್ಟು ತೆಳ್ಳಗಿನ ತಂತಿಯನ್ನು ಕೈಯಾರೆ ಹೊಸದಾಗಿ ಸುತ್ತಿದರು. ಹೊಸದಾಗಿ ಮದುವೆಯಾಗಿದ್ದ ಹೆಂಡತಿ ಪಕ್ಕದಲ್ಲಿ ಕೂತು ಸುತ್ತು ಎಣಿಸಿದಳು, ನೂರಕ್ಕೊಂದು ಗುಂಡಿ ಬಟ್ಟಲಿಗೆ ಹಾಕುತ್ತ. ಭಾವ ಬೆಸುಗೆ ಹಾಕಿದ. ಸುತ್ತುವುದು ನಿಮ್ಮದು, ಬೆಸುಗೆ ನನ್ನದು, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಬಾರದು ಎಂದು ನಗುನಗುತ್ತ ಆಡಿದ ಮಾತನ್ನು ಮೇಸ್ತ್ರಿ ಇಪ್ಪತ್ತೆರಡು ವರ್ಷ ಮೀರಿರಲಿಲ್ಲ. ಪೆಟ್ಟಿಗೆಯ ತಳ ಬಿಚ್ಚಿಯೇ ಇರಲಿಲ್ಲ.

ಐದು ತಿಂಗಳ ಹಿಂದೆ ಭಾವನೇ, ಧೂಳು ತೆಗೆದುಕೊಡ್ತೀನಿ ಎಂದು ಒಯ್ದು ಹದಿನೈದು ದಿನ ಇಟ್ಟುಕೊಂಡ. ತಂದ ದಿನದಿಂದ ನಗಾರಿ ಸತ್ತಿತ್ತು. ಹಳೆಯ ಸ್ಪೀಕರಿನ ಕಾಗದ ಲಡ್ಡಾಗಿದೆ ಎಂದ. ಎರಡನೇ ಜೊತೆ ನಾಲ್ಕು ಓಮಿನದು, ನಮ್ಮದಕ್ಕೆ ಹದಿನಾರರದೇ ಆಗಬೇಕು ಎಂದ. ಮೂರನೆಯದು ಹದಿನಾರರದೇ. ಆಗ ಭುಜದ ಮೇಲೆ ಕೈಯಿಟ್ಟು ಹೇಳಿದ: "ಬೇಜಾರು ಮಾಡ್ಕೋಬೇಡಿ ಮೇಸ್ತ್ರಿ. ಮೋಟಾರಿನ ಸದ್ದಲ್ಲೇ ಆಯಸ್ಸು ಕಳೆದ್ರಿ. ಕಿವಿ ಹೋಗಿದೆ. ನನಗೆ ಚೆನ್ನಾಗೇ ಕೇಳ್ತಿದೆ."

ಮೇಸ್ತ್ರಿ ನಂಬಿದರು. ಅಂದಿನಿಂದ ಯಾವ ಮೋಟಾರನ್ನೂ ತಾವೊಬ್ಬರೇ ಕೇಳಿ ಕಳಿಸುತ್ತಿರಲಿಲ್ಲ. ಹೆಂಡತಿಯನ್ನು ಕರೆದು ಅವಳ ಕಿವಿಗೂ ಸ್ಕ್ರೂಡ್ರೈವರು ಹಿಡಿಯುತ್ತಿದ್ದರು. ಇಬ್ಬರು ಗಿರಾಕಿಗಳನ್ನು, ನನ್ನಿಂದಾಗಲ್ಲ ಎಂದು ವಾಪಸು ಕಳಿಸಿಯೂ ಆಗಿತ್ತು.

ಈಗ ಸ್ಪೀಕರಿನ ತಂತಿ ಬಿಚ್ಚಿ ಮತ್ತೆ ಬಿಗಿಯುವಾಗ ಒಂದು ಪುಟ್ಟ ನಟ್ಟು ಬೆರಳಿನಿಂದ ಜಾರಿ, ಆಂಪ್ಲಿಫೈಯರಿನ ಗಾಳಿಕಿಂಡಿಯೊಳಗೆ ಟಿಣ್ ಎಂದು ಬಿತ್ತು. ಅದನ್ನು ಒಳಗೇ ಬಿಟ್ಟರೆ ಹೊಗೆ ಏಳುತ್ತದೆ. ಪ್ಲಗ್ ಕಿತ್ತು, ವಾಲ್ವು ತಣಿಯುವವರೆಗೆ ಕಾದು, ಚಾಪೆಯ ಮೇಲೆ ಬೋರಲು ಹಾಕಿ ತಳದ ತಗಡು ಬಿಚ್ಚಿದರು. ನಟ್ಟು ಸಿಕ್ಕಿತು. ತಗಡು ಮುಚ್ಚಲಿಲ್ಲ.

ಮೇಸ್ತ್ರಿ ಎಡಚರು. ಮೇಣ ಸವರಿದ ನೂಲಿನಿಂದ ಅವರು ಸುರುಳಿ ಬಿಗಿದರೆ ಹೆಣಿಗೆ ಎಡಕ್ಕೆ ವಾಲುತ್ತದೆ, ಕೊನೆಯ ಗಂಟಿಗೆ ಮೂರು ತಿರುವು. ಇಲ್ಲಿ ನೂಲೇ ಇರಲಿಲ್ಲ. ಅಂಗೈಯಗಲದ ಎರಡು ಅಗ್ಗದ ಟ್ರಾನ್ಸ್‌ಫಾರ್ಮರು, ಪ್ಲಾಸ್ಟಿಕ್ ಪಟ್ಟಿ, ಹೊಳೆಯುವ ಹೊಸ ಬೆಸುಗೆ.

ಸಂಜೆ ಭಾವ ಹೆಗಲ ಮೇಲೆ ನಾಲ್ಕನೇ ಜೊತೆ ಹೊತ್ತು ಬಂದ. "ಇವು ಒಗ್ಗದಿದ್ರೆ ಕೇಳಿ, ನನ್ನ ಮೀಸೆ ಬೋಳಿಸ್ಕೋತೀನಿ!"

ಚಾಪೆಯ ಮೇಲೆ ಬೋರಲಾಗಿದ್ದ ಪೆಟ್ಟಿಗೆ ಕಂಡು ಹೊಸಿಲಲ್ಲೇ ನಿಂತ.

"ನೀವು ಬಿಚ್ಚಬಾರದಿತ್ತು ಮೇಸ್ತ್ರಿ."

"ಎಲ್ಲಿವೆ ಭಾವ?"

"ಒಬ್ಬರು ಹಳೇ ಸೆಟ್ಟಿಗೆ ಹುಡುಕ್ತಿದ್ರು. ಇಂಥ ಸುತ್ತು ಈಗ ಎಲ್ಲೂ ಸಿಗಲ್ಲ ಅಂತ ಗೋಗರೆದ್ರು. ನಿಮ್ಮ ಕೈಗೆ ಬಂದ ಮರ್ಯಾದೆ ಅಂದ್ಕೊಳ್ಳಿ. ಹೇಳೋಣ ಅಂತಾನೇ ಇದ್ದೆ..."

"ಎಣಿಸಿದ್ದು ನಾನು ಅಣ್ಣ," ಅಂದಳು ತಂಗಿ. "ನನ್ನನ್ನಾದ್ರೂ ಒಂದು ಮಾತು ಕೇಳಬಾರದಿತ್ತಾ?"

ಮೇಸ್ತ್ರಿ ಕೈಯೆತ್ತಿ ಅವಳನ್ನು ತಡೆದರು. "ಅವು ಹೋಗ್ಲಿ. ಕೈಯಿದೆ, ಇನ್ನೊಂದ್ಸಲ ಸುತ್ತಬಹುದು. ಕಿವಿ ಹೋಗಿದೆ ಅಂದ್ರಲ್ಲ, ಅದ್ಯಾಕೆ ಭಾವ? ಸ್ಪೀಕರಿನ ಮೇಲೆ ಇನ್ನೊಂದು ಸುಳ್ಳು ಹೇಳಿದ್ದರೂ ನಾನು ನಂಬ್ತಿದ್ದೆ."

ಭಾವ ಹೆಗಲ ಪೆಟ್ಟಿಗೆಯನ್ನು ಇಳಿಸಲೂ ಇಲ್ಲ, ಒಳಗೆ ಬರಲೂ ಇಲ್ಲ. ಬಂದ ದಾರಿಯಲ್ಲೇ ಹೋದ.

ಮೇಸ್ತ್ರಿ ಅಂಗಳಕ್ಕಿಳಿದು, ಬೆಳಿಗ್ಗೆ ಬದಿಗಿಟ್ಟಿದ್ದ ಮೋಟಾರನ್ನು ಚಾಲೂ ಮಾಡಿ ಸ್ಕ್ರೂಡ್ರೈವರು ಒತ್ತಿದರು. ತಳದಲ್ಲಿ ಮರಳು ಅರೆದಂಥ ಸದ್ದು. ಹಿಂದಿನ ಬೇರಿಂಗು ಹೋಗಿದೆ. ಸ್ಪಷ್ಟವಾಗಿಯೇ ಕೇಳಿಸಿತು. ಆದರೂ ಬಾಯಿ ಅಭ್ಯಾಸಬಲದಿಂದ ಕೂಗಿತು: "ಇಲ್ಲಿ ಬಾರೇ, ಸ್ವಲ್ಪ ಕೇಳು."

ಅವಳು ಬಂದಳು. ಸ್ಕ್ರೂಡ್ರೈವರು ಇಸಿದುಕೊಂಡಳು. ಕಿವಿಗೆ ಹಿಡಿಯದೆ ಅವರ ಕೈಗೇ ವಾಪಸು ಕೊಟ್ಟು ಅಲ್ಲೇ ನಿಂತಳು. ಮೇಸ್ತ್ರಿ ಮತ್ತೊಮ್ಮೆ ಕಿವಿ ಆನಿಸಿದರು, ಇನ್ನೊಮ್ಮೆ ಆನಿಸಿದರು. ಮೋಟಾರು ತಿರುಗುತ್ತಲೇ ಇತ್ತು.